ಹಣಿಗೆ ಮುಟ್ಟದ ಕೂದಲು

ಸೊಸೆ ಕಸ್ತೂರೆವ್ವ ಕೊಬ್ಬರಿ ಎಣ್ಣೆಯ ಬಟ್ಟಲು ಕೈಗೆತ್ತಿಕೊಂಡದ್ದೇ ತಡ, ಮುದಕವ್ವನ ಪಿತ್ತ ನೆತ್ತಿಗೇರಿತು.

"ಆ ಕೂದಲಕ್ಕ ಹಣಿಗಿ ಮುಟ್ಟಿಸಿದ್ಯಂದ್ರ ಈ ಮನ್ಯಾಗ ನಾ ಒಂದು ತುತ್ತು ತಿನ್ನಾಂಗಿಲ್ಲ ನೋಡು!"

ಕಸ್ತೂರೆವ್ವ ಉತ್ತರ ಕೊಡಲಿಲ್ಲ. ಅದೇ ಅವಳ ಕೆಟ್ಟ ಚಾಳಿ. ತಿರುಗಿ ಬೈಯುವ ಸೊಸೆಯನ್ನಾದರೂ ಸಂಭಾಳಿಸಬಹುದು. ಬಾಯಿ ಮುಚ್ಚಿಕೊಂಡು ತನಗೆ ಬೇಕಾದ್ದನ್ನೇ ಮಾಡುವವಳ ಜೊತೆ ಜಗಳ ಆಡುವುದಾದರೂ ಹೇಗೆ? ಮುದಕವ್ವ ಹತ್ತು ವರ್ಷದಿಂದ ಆಡುತ್ತಲೇ ಇದ್ದಳು, ಒಬ್ಬಳೇ.

ಎಂಟು ವರ್ಷದ ಮೊಮ್ಮಗಳು ಗೌತಮಿ ದೀಪಾವಳಿಯ ಹೊತ್ತಿಗೆ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಹಾಸಿಗೆ ಹಿಡಿದಿದ್ದಳು. ಎದ್ದು ಕೂತಾಗ ಹಿಂದಲೆಯ ಕೂದಲು ಗಂಟುಗಟ್ಟಿ ಹೆಬ್ಬೆರಳು ದಪ್ಪದ ಜಟೆಯಾಗಿತ್ತು. ಮೊದಲು ಕಂಡವಳು ಮುದಕವ್ವ. ಕಂಡವಳೇ ಕೈಮುಗಿದು, ಜಟೆಗೆ ಭಂಡಾರದ ಅರಿಷಿಣ ಹಚ್ಚಿ, ಕೇರಿಯ ಜೋಗತಿ ಹುಲಿಗೆವ್ವನನ್ನು ಕರೆಸಿದಳು. ಹುಲಿಗೆವ್ವ ಬೆರಳಿನಿಂದ ಮುಟ್ಟಿ ನೋಡಿ ತೀರ್ಪು ಕೊಟ್ಟೇಬಿಟ್ಟಳು. ಇದು ಎಲ್ಲಮ್ಮ ತಾಯಿ ಕೂತ ಗುರುತು, ಎಣ್ಣೆ ಹಾಕಬಾರದು, ಹಣಿಗೆ ಮುಟ್ಟಿಸಿ ಬಾಚಬಾರದು, ಬರುವ ಭಾರತ ಹುಣ್ಣಿಮೆಗೆ ಹುಡುಗಿಯನ್ನು ದೇವಿಯ ಗುಡ್ಡಕ್ಕೆ ಒಯ್ದು ಮುತ್ತು ಕಟ್ಟಿಸಬೇಕು.

ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ, ಮನೆಯಿಲ್ಲ. ಅವಳು ದೇವಿಯ ಸೊತ್ತು. ಊರಿನ ಉಳ್ಳವರು ಅಂಥ ಸೊತ್ತನ್ನು ಏನು ಮಾಡುತ್ತಾರೆಂಬುದು ಕೇರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಗೋಕುಲವೆಂಬ ಊರಿನ ಹಾದಿಗೆ ಹತ್ತಿಕೊಂಡಿದ್ದ ಆ ಕೇರಿಯಲ್ಲಿ ಮುದಕವ್ವನ ಮಗ ಸೋಮಪ್ಪನದು ದೊಡ್ಡ ಹೆಸರು. ರೈಲ್ವೆ ಕಾರ್ಖಾನೆಯ ನೌಕರ. ನಾಲ್ಕು ವರ್ಷದ ಹಿಂದೆ ಗೆಳೆಯರ ಜೊತೆ ಹೋಗಿ ಬೌದ್ಧನಾಗಿ ಬಂದವನು. ಬಂದವನೇ ದೇವರ ಜಗಲಿ ಬರಿದು ಮಾಡಿ ಬುದ್ಧನ ಪಟ ತೂಗುಹಾಕಿ, ಕೇರಿಯ ಮುಂದೆ ಎದೆಯುಬ್ಬಿಸಿ ನಿಂತಿದ್ದ. ಮುದಕವ್ವ ಮಾತ್ರ ತನ್ನ ಪಡ್ಡಲಗಿಯನ್ನು, ದೇವಿಯ ಬುಟ್ಟಿಯನ್ನು, ಕೈಬಿಟ್ಟಿರಲಿಲ್ಲ. ಹುಣ್ಣಿಮೆಗೊಮ್ಮೆ ಅದನ್ನು ತುಂಬಿಸದಿದ್ದರೆ ಮನೆಯ ಕಾಳುಕಡಿ ಬರಿದಾಗುತ್ತದೆಂದು ಅವಳು ಖರೇ ನಂಬಿದ್ದಳು.

ಅತ್ತೆಯಿಂದ ಬೈಸಿಕೊಂಡ ಆ ಮೊದಲ ಮುಂಜಾನೆಯೇ ಕಸ್ತೂರೆವ್ವ ಮಗಳನ್ನು ಪಟದ ಕೆಳಗೆ ಕೂರಿಸಿಕೊಂಡಳು. "ಬುದ್ಧಂ ಸರಣಂ ಗಚ್ಛಾಮಿ" ಎಂದು ಮೂರು ಸಲ ಹೇಳಿಕೊಂಡು ಎಣ್ಣೆ ಹಚ್ಚಿ, ತುದಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು. ಎಳೆ ಎಳೆಗೂ ಕೈ ತಡೆದು ಮಗಳ ಹಣೆ ಮುಟ್ಟಿ ನೋಡುತ್ತಿದ್ದಳು. ಅದನ್ನು ನೋಡಿ ಮುದಕವ್ವನಿಗೆ ಸಂತೋಷವಾಯಿತು. ಇವಳಿಗೂ ಅಂಜಿಕೆ ಇದೆ ಹಾಗಾದರೆ! ಜಟೆಯ ಕಾಲುಪಾಲು ಬಿಟ್ಟಿತು. ಮುದಕವ್ವ ಮಾತಿನಂತೆ ಅಂದು ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ಗೌತಮಿಯ ಮೈ ಕಾದಿತ್ತು.

ಸುದ್ದಿ ಹರಡಲು ಎಷ್ಟು ಹೊತ್ತು? ಹುಲಿಗೆವ್ವ ಬಂದಳು, ಅವಳ ಹಿಂದೆ ಅರ್ಧ ಕೇರಿ ಬಂದು ಬಾಗಿಲಿಗೆ ಅಡ್ಡ ನಿಂತಿತು. "ತಾಯಿ ಸಿಟ್ಟಾಗ್ಯಾಳ. ಇವತ್ತ ಇವರ ಮನಿಗೆ ಬಂದದ್ದು ನಾಳೆ ನಮ್ಮ ಮಕ್ಕಳಿಗೆ ಬರತೈತಿ. ಆ ಹಣಿಗಿ ಕಸಗೊಳ್ರಿ ಮೊದಲ!" ಎಂದು ಹುಲಿಗೆವ್ವ ಕೂಗಿದಳು.

ಎದೆಯುಬ್ಬಿಸಿದ್ದ ಸೋಮಪ್ಪನ ಎದೆ ಅವತ್ತು ಎಲ್ಲಿ ಹೋಗಿತ್ತೋ. ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ, "ಕಸ್ತೂರಿ, ಒಂದೀಟು ಭಂಡಾರ ಹಚ್ಚಿಬಿಡಲ್ಲಾ. ಬುದ್ಧ ಏನೂ ಅನ್ಕೊಳ್ಳಾಂಗಿಲ್ಲ" ಅಂದ.

"ಬುದ್ಧ ಅನ್ಕೊಳ್ಳಾಂಗಿಲ್ಲರಿ. ನಾಳೆ ನಿಮ್ಮ ಮಗಳು ಅನ್ಕೊಂತಾಳ" ಎಂದು ಕಸ್ತೂರೆವ್ವ ದವಾಖಾನೆಯ ಔಷಧಿಯನ್ನು ಹುಡುಗಿಗೆ ಕುಡಿಸಿದಳು. ಹಣೆಗೆ ತಣ್ಣೀರ ಬಟ್ಟೆ ಇಟ್ಟಳು. ಮತ್ತೆ ಹಣಿಗೆ ಹಿಡಿದಳು.

"ಕಣ್ಣಿಗೆ ಕಾಣವಲ್ದೇನು ನಿನಗ?" ಮುದಕವ್ವ ಚೀರಿದಳು. "ಜ್ವರ ಬಂದೈತಿ! ಮನಿ ಹಾಳಾಗತೈತಿ, ಕಾಳು ಕರಗಿ ಹೋಗತೈತಿ!"

"ಕಣ್ಣಿಗೆ ಕಾಣತೈತ್ರಿ ಅತ್ತಿ. ನನಗೂ ಅಂಜಿಕಿ ಆಗೇತಿ. ಆದ್ರ ಹುಟ್ಟಿದ ಕೂಸು ಯಾರ ಸೊತ್ತೂ ಅಲ್ಲ ಅಂತ ಒಪ್ಪಿ ಬುದ್ಧಗ ಕೈಮುಗದೇನಿ. ಜ್ವರ ಬಂತಂತ ಆ ಮಾತು ಸುಳ್ಳಾಗತೈತೇನ್ರಿ? ಈಕಿ ಮನ್ಯಾಗ ಇದ್ರ ನನ್ನ ಮನಿ ತುಂಬಿದಂಗ." ಅವಳು ತಲೆಯೆತ್ತದೆ ಮೆಲ್ಲಗೆ ಕೇಳಿದಳು. "ಶೇವಂತಕ್ಕಗ ಬಿದ್ದಿದ್ದೂ ಇಂಥಾದ್ದ ಗಂಟ ಏನ್ರಿ?"

ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮುದಕವ್ವ ಎಣ್ಣೆಯ ಬಟ್ಟಲನ್ನು ಕಾಲಿನಿಂದ ಒದ್ದಳು. ಬಟ್ಟಲು ಗೋಡೆಗೆ ಬಡಿಯಿತು, ಎಣ್ಣೆ ನೆಲದ ಪಾಲಾಯಿತು. ಕಸ್ತೂರೆವ್ವ ಅಂಗೈಯಿಂದ ನೆಲದ ಎಣ್ಣೆ ಬಳಿದುಕೊಂಡು ಮಗಳ ಕೂದಲಿಗೆ ಸವರಿದಳು.

ಶೇವಂತಿ ಮುದಕವ್ವನ ಹಿರಿಯ ಮಗಳು. ಒಂಬತ್ತನೇ ವರ್ಷಕ್ಕೆ ಅವಳ ಕಿವಿಯ ಹಿಂದೆ ಜಟೆ ಬಿದ್ದಿತ್ತು. ಮುದಕವ್ವ ತಾನೇ ಭಂಡಾರ ಹಚ್ಚಿದ್ದಳು, ತಾನೇ ಗುಡ್ಡಕ್ಕೆ ನಡೆಸಿಕೊಂಡು ಹೋಗಿದ್ದಳು. ಅಂದು ಇಡೀ ಕೇರಿ ಆ ಕೂಸಿನ ಕಾಲಿಗೆ ಬಿದ್ದಿತ್ತು. ಇಪ್ಪತ್ತೆರಡಕ್ಕೆ ಸಾಂಗ್ಲಿಯ ಯಾವುದೋ ಓಣಿಯಲ್ಲಿ ಶೇವಂತಿ ಸತ್ತಳೆಂದು ಸುದ್ದಿ ಬಂತು. ಹೆಣ ಬರಲಿಲ್ಲ. ಎಲ್ಲಮ್ಮ ತಾಯಿ ಕೊಟ್ಟದ್ದನ್ನು ತಾಯಿಯೇ ತಗೊಂಡಳು ಎಂದು ಮುದಕವ್ವ ಗಟ್ಟಿ ಮನಸ್ಸು ಮಾಡಿದಳು. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಇಷ್ಟು ವರ್ಷ ಉಂಡಿದ್ದಳು, ಮಲಗಿದ್ದಳು.

ಮೂರನೇ ದಿನ ಮುದಕವ್ವ ತನ್ನ ಮೂಲೆಯಲ್ಲಿ ಪಡ್ಡಲಗಿಯ ಮುಂದೆ ಬರಿಹೊಟ್ಟೆಯಲ್ಲಿ ಕೂತು ಬೇಡಿಕೊಂಡಳು. ಏನು ಬೇಡುತ್ತಿದ್ದೇನೆಂದು ಮೊದಲು ಅವಳಿಗೇ ತಿಳಿಯಲಿಲ್ಲ. ತಿಳಿದಾಗ ಮುಗಿದ ಕೈ ಕೆಳಗಿಳಿಸಿದಳು. ಜ್ವರ ಏರಲಿ ಎಂದು ಬೇಡುತ್ತಿದ್ದಳು! ತಾನೇ ಎತ್ತಿ ಆಡಿಸಿದ ಕೂಸು. ಆದರೂ ಜ್ವರ ಇಳಿದರೆ, ಗಂಟು ಬಿಟ್ಟರೆ, ಏನೂ ಆಗದೆ ಹೋದರೆ, ಆಗ ಶೇವಂತಿಯನ್ನು ಕೊಟ್ಟದ್ದು ಯಾತಕ್ಕೆ? ಮುದಕವ್ವ ಪಡ್ಡಲಗಿಗೆ ಬೆನ್ನು ಮಾಡಿ ಕೂತಳು. ಹೇಸಿಕೆಯಾಯಿತು ಅವಳಿಗೆ, ತನ್ನ ಬಗ್ಗೆಯೇ.

ನಾಲ್ಕನೇ ಮುಂಜಾನೆ ಜ್ವರ ಬಿಟ್ಟಿತು. ಹುಡುಗಿ ರೊಟ್ಟಿ ಬೇಡಿದಳು. ಬಿಸಿಲಿಗೆ ಬೆನ್ನು ಕೊಟ್ಟು ಕೂತ ಅವಳ ಕೂದಲಿನ ಕೊನೆಯ ಸಿಕ್ಕು ಬಿಡಿಸಿ ಕಸ್ತೂರೆವ್ವ ಕೈ ಕೆಳಗಿಟ್ಟಳು. ಕೂದಲು ಬೆನ್ನ ತುಂಬ ಹರಡಿತು, ಅಲ್ಲಲ್ಲಿ ಮಾಸಿದ ಅರಿಷಿಣದ ಬಣ್ಣ. ಹಾದಿಯಲ್ಲಿ ನಿಂತಿದ್ದ ಹುಲಿಗೆವ್ವ ನೆಲಕ್ಕೆ ಉಗುಳಿ, "ಇಂದಿಲ್ಲ ನಾಳೆ ನೋಡಕೊಂತಾಳ ತಾಯಿ" ಅಂದು ಹೋದಳು. ಕಸ್ತೂರೆವ್ವ ಆ ಕಡೆ ತಿರುಗಿಯೂ ನೋಡಲಿಲ್ಲ. ಮಗಳ ಹಣೆಯನ್ನು ಈಗ ಮುಟ್ಟಿ ನೋಡಲೂ ಇಲ್ಲ.

ಮುದಕವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅವಳು ಉಂಡು ಮೂರು ದಿನವಾಗಿತ್ತು. ದನಿಯಲ್ಲಿ ಮಾತ್ರ ಹಳೆಯ ಸಿಟ್ಟೇ.

"ಎಷ್ಟ ಎಣ್ಣಿ ಹಿಡೀತು?"

"ಒಂದ ಬಟ್ಲರಿ ಅತ್ತಿ. ಅದರಾಗೂ ಅರ್ಧ ನೀವ ಚೆಲ್ಲಿದ್ರಿ."

"ಎಷ್ಟ ದಿನಾ?"

"ನಾಕ ಮುಂಜಾನಿ."

"ನಾಕ ಮುಂಜಾನಿ" ಎಂದಳು ಮುದಕವ್ವ. ಒಳಗೆ ಗೋಡೆಯ ಮೇಲಿದ್ದ ಬುದ್ಧನ ಪಟದ ಕಡೆ ತಿರುಗಿ, ಜಗಳಕ್ಕೆ ನಿಂತವಳ ಹಾಗೆ ಕೂಗಿದಳು. "ಇಷ್ಟ ಏನೋ ಇದು? ಒಂದ ಬಟ್ಲ ಎಣ್ಣಿ, ಒಂದ ಹಣಿಗಿ? ಇದನ್ನ ಹೇಳಾಕ ಅವಾಗ ಎಲ್ಲಿ ಸತ್ತಿದ್ದಿ ನೀನು?"

ಕಸ್ತೂರೆವ್ವ ಎದ್ದು ಬಂದು ಅತ್ತೆಯನ್ನು ಹಿಡಿದು, ತಾನು ಕೂತಿದ್ದ ಜಾಗದಲ್ಲೇ, ಹುಡುಗಿಯ ಹಿಂದೆ ಕೂರಿಸಿದಳು. ಹಣಿಗೆಯನ್ನು ಅವಳ ಕೈಗಿತ್ತಳು.

ಮುದಕವ್ವ ಬೈತಲೆ ತೆಗೆದು, ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಅವಳಿಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

"ತಲಿ ಅಲ್ಲಾಡಿಸಬ್ಯಾಡ ಶೇವಂತಿ" ಅಂದಳು.

ಗೌತಮಿ ತಾಯಿಯ ಮುಖ ನೋಡಿದಳು. ಸುಮ್ಮನಿರು ಎಂದು ಕಸ್ತೂರೆವ್ವ ಕಣ್ಣಲ್ಲೇ ಹೇಳಿದಳು. ಹುಡುಗಿ ತಲೆ ಅಲ್ಲಾಡಿಸದೆ ಕೂತಳು.