ಚೈತ್ರಾ ನೆಲಗಪ್ಪೆಗೆ ಬಾಯಿ ಹಾಕಿದ ಬೆಳಿಗ್ಗೆ

ರುದ್ರಮುನಿಯವರೂ ಚೈತ್ರಾಳೂ ಒಂದೇ ತಿಂಗಳಲ್ಲಿ ನಿವೃತ್ತರಾದರು. ರುದ್ರಮುನಿಯವರಿಗೆ ಅರವತ್ತು, ಚೈತ್ರಾಳಿಗೆ ಒಂಬತ್ತೂವರೆ. ಅವರು ಪೊಲೀಸ್ ಶ್ವಾನದಳದಲ್ಲಿ ನಾಯಿ ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್. ಅವಳು ಅದೇ ದಳದ ಲ್ಯಾಬ್ರಡಾರ್. ಮಂತ್ರಿಗಳು ಬರುವ ಮುನ್ನ ವೇದಿಕೆ, ಹೆಲಿಪ್ಯಾಡ್, ಕುರ್ಚಿಗಳ ಅಡಿ ಎಲ್ಲವನ್ನೂ ಮೂಸಿ, ಸ್ಫೋಟಕದ ವಾಸನೆ ಸಿಕ್ಕರೆ ಅಲ್ಲೇ ಸದ್ದಿಲ್ಲದೆ ಕೂರುವುದು ಅವಳ ಕೆಲಸ. ಕೆಲಸ ಮುಗಿದ ನಾಯಿಯನ್ನು ಯಾರಾದರೂ ಸಾಕಲು ಒಯ್ಯಬಹುದು ಎಂದಾಗ ರುದ್ರಮುನಿಯವರು ಬೇರೆಯವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಅರ್ಜಿ ಬರೆದುಕೊಟ್ಟು, ಅವಳನ್ನು ಕೆರೆಬಿಳಚಿಯ ತಮ್ಮ ಮನೆಗೆ ಕರೆತಂದರು.

ಮನೆಯಲ್ಲಿ ಆಗಲೇ ಒಂದು ನಾಯಿ ಇತ್ತು. ಕೆಂಚ ಅಂತ. ನಾಲ್ಕು ವರ್ಷದ ಹಿಂದೆ ಬೀದಿಯಲ್ಲಿ ಸಿಕ್ಕ ಮರಿ. ಹೆಂಡತಿ ಅನ್ನಪೂರ್ಣ ಉಳಿದ ಮುದ್ದೆ ಹಾಕಿ ಬೆಳೆಸಿದ್ದರು. ಕೆಂಚನಿಗೆ ಹೊತ್ತು ಗೊತ್ತಿರಲಿಲ್ಲ, ಶಿಸ್ತು ಗೊತ್ತಿರಲಿಲ್ಲ. ಹೊಸದಾಗಿ ಬಂದವಳಿಗೋ ಊಟವೂ ಗಡಿಯಾರ ನೋಡಿಯೇ. ಬೆಳಿಗ್ಗೆ ಆರೂವರೆಗೆ ರುದ್ರಮುನಿಯವರು ಶೂ ಹಾಕಿ, ಚೈತ್ರಾಳ ಕೊರಳಿಗೆ ಹಗ್ಗ ಬಿಗಿದು, ಕಾಂಪೌಂಡಿನ ಸುತ್ತ ಒಂದು ಸುತ್ತು ‘ತಪಾಸಣೆ’ ಮಾಡಿಸುತ್ತಿದ್ದರು. ಹೂವಿನ ಕುಂಡ, ಬೈಕಿನ ಚಕ್ರ, ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು. ಚೈತ್ರಾ ಒಂದೊಂದನ್ನೂ ಮೂಸಿ ಮುಂದೆ ಹೋಗುತ್ತಿದ್ದಳು.

“ನಮ್ಮ ಮನೀಗೆ ಯಾವ ಮಂತ್ರಿ ಬರ್ತಾನೆ ಅಂತ ದಿನಾ ಹುಡುಕಸ್ತೀರಿ?” ಎಂದು ಅನ್ನಪೂರ್ಣ ನಗುತ್ತಿದ್ದರು.

“ಬಿಟ್ರೆ ಮರೀತಾಳೆ ಕಣೇ,” ಎನ್ನುತ್ತಿದ್ದರು ರುದ್ರಮುನಿ.

ಪಕ್ಕದ ಮನೆ ಇಮಾಮ್‌ಬೀಯವರದು. ಆರು ಆಡು ಸಾಕಿಕೊಂಡಿದ್ದ ವಿಧವೆ. ಮಗ ಸಾದಿಕ್ ಗೂಡ್ಸ್ ಆಟೋ ಓಡಿಸುತ್ತಿದ್ದ. ಎರಡು ಮನೆಗಳ ನಡುವೆ ಎದೆ ಎತ್ತರದ ಗೋಡೆ. ಕರಿಬೇವು, ಮೊಸರಿನ ಹೆಪ್ಪು, ಹಬ್ಬದ ಪಾಯಸ ಎಲ್ಲ ಗೋಡೆಯ ಮೇಲಿಂದಲೇ ಆಚೀಚೆ ಹೋಗುತ್ತಿದ್ದವು. ಚೈತ್ರಾ ಬಂದ ಮೇಲೆ ಇಮಾಮ್‌ಬೀ ಗೇಟು ದಾಟಿ ಬಂದದ್ದೇ ಇಲ್ಲ. ಐದು ಹೊತ್ತು ನಮಾಜು ಮಾಡುವ ಹೆಂಗಸು, ನಾಯಿಯ ಜೊಲ್ಲು ತಾಗಿದರೆ ಮತ್ತೆ ಮೈ ತೊಳೆದು ಶುಚಿಯಾಗಬೇಕು. ಎಂಟು ತಿಂಗಳಿಂದ ಗೋಡೆಯ ಆಚೆಯಿಂದಲೇ ಮಾತು. “ಕೆಂಚ ಆದ್ರೆ ಹಚಾ ಅಂದ್ರೆ ಹೋಗ್ತೈತೆ. ಆ ದೊಡ್ಡಮ್ಮ ಮೈಮೇಲೇ ಬರ್ತಾಳೆ,” ಎನ್ನುತ್ತಿದ್ದರು. ಯಾರಿಗೂ ಅದರಲ್ಲಿ ಬೇಸರವಿರಲಿಲ್ಲ.

ಜೂನ್ ಎರಡನೇ ವಾರ ಮೊದಲ ಒಳ್ಳೆಯ ಮಳೆ ಬಿತ್ತು. ಮರುದಿನ ಬೆಳಿಗ್ಗೆ ತಪಾಸಣೆ ಒಗೆಯುವ ಕಲ್ಲಿನ ಹತ್ತಿರ ಬಂದಾಗ ಕೆಂಚ ಒಮ್ಮೆಲೇ ಬೊಗಳತೊಡಗಿದ. ಹತ್ತಿರ ಬರಲಿಲ್ಲ, ನಾಲ್ಕು ಮಾರು ದೂರದಲ್ಲೇ ನಿಂತು, ಮುಂದೆ ಎರಡು ಹೆಜ್ಜೆ ಇಟ್ಟು, ಹಿಂದಕ್ಕೆ ಹಾರಿ ಬೊಗಳಿದ.

“ಏಯ್, ಸುಮ್ನಿರು! ಕೆಲಸ ಮಾಡೋರಿಗೆ ತೊಂದರೆ ಕೊಡಬ್ಯಾಡ,” ಎಂದು ರುದ್ರಮುನಿ ಅವನನ್ನು ಗದರಿಸಿದರು.

ಕಲ್ಲಿನ ಸಂದಿಯಲ್ಲಿ ಒಂದು ನೆಲಗಪ್ಪೆ ಕೂತಿತ್ತು. ಅಂಗೈಯಷ್ಟು ದೊಡ್ಡದು, ಮೈತುಂಬ ಗಂಟು, ಒಣ ಮಣ್ಣಿನ ಬಣ್ಣ. ಚೈತ್ರಾ ಮೂಗು ತಂದಳು. ಅದು ಓಡಲಿಲ್ಲ, ಮೈ ಉಬ್ಬಿಸಿಕೊಂಡು ತಲೆ ತಗ್ಗಿಸಿತು, ಅಷ್ಟೆ. ಒಂಬತ್ತು ವರ್ಷ ಸಿಮೆಂಟಿನ ಕೆನಲ್‌ನಲ್ಲಿ ಬದುಕಿದವಳು ಇಂಥದ್ದನ್ನು ಎಂದೂ ನೋಡಿರಲಿಲ್ಲ. ಹಗ್ಗ ಹಿಡಿದವರು ಕೆಂಚನ ಕಡೆ ತಿರುಗಿದ್ದ ಆ ಒಂದು ಕ್ಷಣದಲ್ಲಿ ಬಾಯಿ ಹಾಕಿಯೇಬಿಟ್ಟಳು.

ಹಾಕಿದ ವೇಗದಲ್ಲೇ ಬಿಟ್ಟಳು. ಕಪ್ಪೆ ನೆಲಕ್ಕೆ ಬಿದ್ದು ನಿಧಾನವಾಗಿ ಕಲ್ಲಿನಡಿಗೆ ಸರಿದುಹೋಯಿತು. ಚೈತ್ರಾ ತಲೆ ಕೊಡವಿದಳು. ಇನ್ನೊಮ್ಮೆ ಕೊಡವಿದಳು. ಮುಂಗಾಲಿನಿಂದ ಬಾಯಿ ಉಜ್ಜಿಕೊಂಡಳು. ನೋಡನೋಡುತ್ತ ಬಾಯಿಂದ ಜೊಲ್ಲು ಸೋಪಿನ ನೊರೆಯ ಹಾಗೆ ಸುರಿಯತೊಡಗಿತು. ಹಿಂಗಾಲು ತಡವರಿಸಿದವು.

“ಚೈತ್ರಾ! ಸಿಟ್! ಚೈತ್ರಾ, ಸಿಟ್!” ಎಂದರು ರುದ್ರಮುನಿ. ಅವಳು ಕೂರಲು ನೋಡಿ ಪಕ್ಕಕ್ಕೆ ವಾಲಿದಳು.

ದಳದಲ್ಲಿ ನಾಯಿಗೆ ಸ್ವಲ್ಪ ಮೈ ಬಿಸಿಯಾದರೂ ರಿಜಿಸ್ಟರಿನಲ್ಲಿ ಬರೆದು ಡಾಕ್ಟರರನ್ನು ಕರೆಸುತ್ತಿದ್ದರು. ಏನು ಮಾಡಬೇಕೆಂದು ಹೇಳುವವರಿದ್ದರು, ಜೀಪಿತ್ತು. ಇಲ್ಲಿ ರುದ್ರಮುನಿಯವರು ಒಳಗೆ ಓಡಿ ಫೋನು ಹುಡುಕಿದರು, ಕನ್ನಡಕವಿಲ್ಲದೆ ಯಾವುದೋ ನಂಬರ್ ಒತ್ತಿದರು, ಅದು ರಿಂಗಾಗುತ್ತಲೇ ಇತ್ತು. ಅನ್ನಪೂರ್ಣ ಅಡುಗೆಮನೆಯಿಂದ ಹಾಲಿನ ಬಟ್ಟಲು ಹಿಡಿದು ಓಡಿಬಂದರು.

“ಏನೂ ಕುಡಿಸಬ್ಯಾಡ್ರಿ!”

ಗೋಡೆಯ ಮೇಲೆ ಇಮಾಮ್‌ಬೀ ತಲೆ ಕಾಣಿಸಿತು. “ಕುಡಿಸಿದ್ರೆ ವಿಷ ಹೊಟ್ಟಿಗೆ ಇಳೀತೈತೆ. ಮೊದ್ಲು ಬಾಯಿ ತೊಳೀಬೇಕು. ತಡೀರಿ, ಬಂದೆ.”

ಅವರು ಗೇಟು ತಳ್ಳಿ ಒಳಗೆ ಬಂದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಯ ನಲ್ಲಿಗೆ ಸಿಕ್ಕಿಸಿದ್ದ ಪೈಪು ಎತ್ತಿಕೊಂಡು, ಹಸಿ ನೆಲದ ಮೇಲೇ ಮಂಡಿಯೂರಿದರು.

“ಮಾರಿ ಕೆಳಗೆ ಬಗ್ಗಿಸಿ ಹಿಡೀರಿ. ಮ್ಯಾಲೆ ಎತ್ತಬ್ಯಾಡ್ರಿ, ಗಂಟ್ಲಿಗೆ ಹೋಗ್ತೈತೆ. ಹಾಂ, ಹಿಂಗೆ. ಅನ್ನಪೂರ್ಣಮ್ಮ, ನೀರು ಸಣ್ಣಗೆ ಬಿಡ್ರಿ. ಇನ್ನೂ ಸಣ್ಣಗೆ.”

ತುಟಿಯ ಪಕ್ಕದಿಂದ ಪೈಪಿನ ತುದಿ ಇಟ್ಟರು. ನೀರು ಒಂದು ಕಡೆಯಿಂದ ಒಳಹೋಗಿ, ಇನ್ನೊಂದು ಕಡೆಯಿಂದ ನೊರೆಯ ಸಮೇತ ನೆಲಕ್ಕೆ ಬಿತ್ತು. ರುದ್ರಮುನಿಯವರ ಹೆಗಲ ಮೇಲಿದ್ದ ಟವೆಲ್ಲನ್ನು ಎಳೆದುಕೊಂಡು ಒದ್ದೆ ಮಾಡಿ, ಬೆರಳಿಗೆ ಸುತ್ತಿ, ಒಸಡು, ನಾಲಿಗೆ, ಕೆನ್ನೆಯ ಒಳಭಾಗ ಎಲ್ಲ ಒರೆಸಿದರು. ಟವೆಲ್ ಹಿಂಡಿದರು. ಮತ್ತೆ ನೀರು, ಮತ್ತೆ ಒರೆಸುವುದು. ಚೈತ್ರಾಳ ಒಸಡು ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು. ಅವಳು ಕೊಸರಾಡಿದಳು, ಆದರೆ ಕಚ್ಚಲಿಲ್ಲ.

ಅವಳ ತಲೆ ರುದ್ರಮುನಿಯವರ ಕೈಯಿಂದ ಜಾರಿತು.

“ಪೊಲೀಸ್ನೋರೇ ಹಿಂಗೆ ಕೈ ಸಡ್ಲ ಬಿಟ್ರೆ ಹೆಂಗ್ರೀ? ಗಟ್ಟಿ ಹಿಡೀರಿ,” ಎಂದರು ಇಮಾಮ್‌ಬೀ. ಆಮೇಲೆ ದನಿ ತಗ್ಗಿಸಿ, “ಏನೂ ಆಗಲ್ಲ. ಜಾಸ್ತಿ ನುಂಗಿಲ್ಲ ಅದು,” ಎಂದರು.

ಹತ್ತು ನಿಮಿಷ ಹೀಗೇ ನಡೆಯಿತು. ನೊರೆ ಕಡಿಮೆಯಾಯಿತು. ಅಷ್ಟರಲ್ಲಿ ಸಾದಿಕ್ ಆಟೋ ತಂದು ಗೇಟಿಗೆ ನಿಲ್ಲಿಸಿದ್ದ. ಹಿಂದಿನ ತೊಟ್ಟಿಯಲ್ಲಿ ಗೋಣಿಚೀಲ ಹಾಸಿ ಚೈತ್ರಾಳನ್ನು ಮಲಗಿಸಿದರು. ಅವಳ ಪಕ್ಕ ರುದ್ರಮುನಿ ಕೂತರು. ಚನ್ನಗಿರಿಯ ಪಶು ಆಸ್ಪತ್ರೆ ತಲುಪುವವರೆಗೆ ಅವಳ ಎದೆಯ ಮೇಲಿಂದ ಅವರು ಕೈ ತೆಗೆಯಲಿಲ್ಲ. ಎದೆ ಬಡಿಯುತ್ತಿತ್ತು, ಕೆಲವೊಮ್ಮೆ ಜೋರಾಗಿ, ಕೆಲವೊಮ್ಮೆ ಒಂದು ಹೆಜ್ಜೆ ತಪ್ಪಿದ ಹಾಗೆ.

ಡಾಕ್ಟರ್ ಸುಚಿತ್ರಾ ಚಿಕ್ಕ ವಯಸ್ಸಿನವರು. ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಹಚ್ಚಿ, “ಬಾಯಿ ತೊಳೆದವರು ಯಾರು?” ಎಂದು ಕೇಳಿದರು.

“ಪಕ್ಕದ ಮನೆಯವ್ರು, ಮೇಡಂ. ಏನಾದ್ರೂ ತಪ್ಪಾಯ್ತಾ?”

“ತಪ್ಪಲ್ಲ. ನನ್ನ ಅರ್ಧ ಕೆಲಸ ಅವರೇ ಮುಗಿಸಿದ್ದಾರೆ. ಕಪ್ಪೆ ವಿಷ ಕಾರೋದಿಲ್ಲ, ಕಚ್ಚೋದೂ ಇಲ್ಲ. ಕಣ್ಣಿನ ಹಿಂದೆ ಎರಡು ಗಂಟು ಇರುತ್ತೆ. ನಾಯಿ ಬಾಯಲ್ಲಿ ಒತ್ತಿದರೆ ಅದರಿಂದ ಹಾಲಿನಂಥ ರಸ ಬರುತ್ತೆ. ಅದು ಹೊಟ್ಟೆಗೆ ಹೋದರೆ ಹೃದಯಕ್ಕೆ ತೊಂದರೆ. ಹೆಚ್ಚು ಹೋಗಿಲ್ಲ. ಆದರೂ ಮಧ್ಯಾಹ್ನದವರೆಗೆ ಇಲ್ಲೇ ಇರಲಿ, ನೋಡೋಣ.”

ಕಾಂಪೌಂಡರ್ ಒಂದು ಚೀಟಿ ತಂದುಕೊಟ್ಟ. ಪ್ರಾಣಿ: ನಾಯಿ. ಹೆಸರು: ಚೈತ್ರಾ. ಮೂರನೇ ಸಾಲಿನಲ್ಲಿ ‘ಮಾಲೀಕರ ಹೆಸರು’ ಅಂತಿತ್ತು. ರುದ್ರಮುನಿಯವರು ಪೆನ್ನು ಹಿಡಿದು ಆ ಸಾಲನ್ನು ಇನ್ನೊಮ್ಮೆ ಓದಿದರು. ಒಂಬತ್ತು ವರ್ಷ ಅವಳ ಪ್ರತಿಯೊಂದು ಕಾಗದದಲ್ಲೂ ಆ ಜಾಗದಲ್ಲಿ ಸರ್ಕಾರ ಇರುತ್ತಿತ್ತು. ಅವರದು ಕೆಳಗಿನ ಸಹಿ ಮಾತ್ರ. ಈಗ ತಮ್ಮ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ, ಗುಂಡಗೆ ಬರೆದರು.

ಹನ್ನೊಂದು ಗಂಟೆಗೆ ಚೈತ್ರಾ ತಲೆ ಎತ್ತಿದಳು. ಹನ್ನೆರಡಕ್ಕೆ ಎದ್ದು ನಿಂತು, ಪಕ್ಕದ ಕಂಬಕ್ಕೆ ಕಟ್ಟಿದ್ದ ಎಮ್ಮೆಕರುವಿನ ಮೂತಿ ಮೂಸಿದಳು. ಸಾದಿಕ್ ಜೋರಾಗಿ ನಕ್ಕ. “ಇನ್ನೂ ಬುದ್ಧಿ ಬಂದಿಲ್ಲ ನೋಡ್ರಿ ಸಾಹೇಬ್ರೆ!” ರುದ್ರಮುನಿಯವರೂ ನಕ್ಕರು, ನಗುವಾಗ ಕಣ್ಣು ಒರೆಸಿಕೊಂಡರು. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು, ಆಟೋದಲ್ಲೇ ತಿನ್ನುತ್ತ ಊರಿಗೆ ಬಂದರು.

ಕಪ್ಪೆ ಇನ್ನೂ ಕಲ್ಲಿನಡಿಯೇ ಇತ್ತು. ಸಾದಿಕ್ ಸಲಿಕೆ ಹುಡುಕಿದ.

“ಬ್ಯಾಡ ಬಿಡಪ್ಪ,” ಎಂದರು ಅನ್ನಪೂರ್ಣ. “ಅದೇನು ನಾಯೀನ ಹುಡ್ಕೊಂಡು ಬಂದಿತ್ತಾ? ಸುಮ್ನೆ ಕುಂತಿತ್ತು.” ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಅದನ್ನು ಬಕೆಟ್ಟಿಗೆ ಹಾಕಿ, ಗಂಡನ ಕೈಗೆ ಕೊಟ್ಟರು. ರುದ್ರಮುನಿಯವರು ಚಾನಲ್ ಕಾಲುವೆಯ ಏರಿಯವರೆಗೆ ನಡೆದು, ಜೊಂಡಿನ ಹತ್ತಿರ ಬಿಟ್ಟುಬಂದರು. ದಾರಿಯಲ್ಲಿ ಸಿಕ್ಕವರೆಲ್ಲ ಬಕೆಟ್ಟಿಗೆ ಇಣುಕಿ ನೋಡಿದರು.

ನಾಲ್ಕನೇ ದಿನ ಕಲ್ಲಿನಡಿ ಮತ್ತೆ ಒಂದು ಕಪ್ಪೆ ಕೂತಿತ್ತು. ಅದೇ ಕಪ್ಪೆಯೋ, ಅದರ ತಮ್ಮನೋ ಗೊತ್ತಾಗಲಿಲ್ಲ. ಈ ಸಲ ಬಕೆಟ್ ತರಲಿಲ್ಲ. ಮಳೆಗಾಲವೆಂದರೆ ಕಪ್ಪೆ ಬರುವುದೇ. ನಾಯಿಗಳ ನೀರಿನ ಬಟ್ಟಲನ್ನು ಒಗೆಯುವ ಕಲ್ಲಿನ ಬಳಿಯಿಂದ ಜಗುಲಿಯ ಮೇಲಕ್ಕೆ ತಂದಿಟ್ಟರು, ಕಲ್ಲಿನ ಸಂದಿಗೆ ಇಟ್ಟಿಗೆ ಚೂರು ತುಂಬಿದರು. ಬೆಳಗಿನ ಸುತ್ತಿನಲ್ಲಿ ಈಗ ಕೆಂಚ ಮುಂದೆ, ಅವನ ಹಿಂದೆ ಹಗ್ಗದ ಚೈತ್ರಾ. ಕೆಂಚ ಎಲ್ಲಿ ನಿಂತು ಬೊಗಳುತ್ತಾನೋ ಅಲ್ಲಿಂದ ರುದ್ರಮುನಿಯವರು ದಾರಿ ಬದಲಿಸುತ್ತಿದ್ದರು. ಅವನನ್ನು ಗದರಿಸುವುದು ನಿಂತುಹೋಯಿತು.

ಆ ಭಾನುವಾರ ಅನ್ನಪೂರ್ಣ ಶಾವಿಗೆ ಪಾಯಸ ಮಾಡಿದರು. ಗೋಡೆಯ ಮೇಲೆ ಇಡದೆ, ಗಂಡ ಹೆಂಡತಿ ಇಬ್ಬರೂ ಪಾತ್ರೆ ಹಿಡಿದು ಇಮಾಮ್‌ಬೀ ಮನೆಗೇ ಹೋದರು. ಇಮಾಮ್‌ಬೀ ಅಂಗಳದಲ್ಲಿ ಆಡಿಗೆ ಸೊಪ್ಪು ಕಟ್ಟುತ್ತಿದ್ದರು.

“ನಿಮಗೆ ಅವತ್ತು ತೊಂದ್ರೆ ಆಯ್ತು,” ಎಂದರು ರುದ್ರಮುನಿ. “ನಾಯಿ ಮುಟ್ಟಾಕೆ ನಿಮಗೆ ಆಗಲ್ಲ ಅಂತ ಗೊತ್ತಿದ್ದೂ…”

“ಮುಟ್ಟಿದ್ರೆ ತೊಳ್ಕಂತೀನಿ, ಅಷ್ಟೇ. ಹೋಗಿ ಜಳಕ ಮಾಡ್ದೆ, ಬಟ್ಟೆ ಬದಲಿಸ್ದೆ, ನಮಾಜು ಮಾಡ್ದೆ. ನೀರಿಗೇನು ಬರ ಐತಾ? ಹಂಗಂತ ಅದನ್ನ ಇಲ್ಲಿ ಬಿಡಬ್ಯಾಡ್ರಿ ಮತ್ತೆ!”

“ಬಾಯಿ ಹಂಗೆ ತೊಳೀಬೇಕು ಅಂತ ನಿಮಗೆ ಹೆಂಗೆ ಗೊತ್ತಾಯ್ತು?” ಎಂದು ಅನ್ನಪೂರ್ಣ ಕೇಳಿದರು.

ಇಮಾಮ್‌ಬೀ ಸೊಪ್ಪಿನ ಕಟ್ಟು ಕೆಳಗಿಟ್ಟರು. “ಕೆಂಚಂದೂ ನಾನೇ ತೊಳ್ದಿದ್ದೆ.”

“ಯಾವಾಗ?”

“ಅದು ಮರಿ ಇದ್ದಾಗ. ಸಾಹೇಬ್ರು ಡ್ಯೂಟಿ ಮ್ಯಾಲೆ, ನೀವು ಮಗಳ ಬಾಣಂತನಕ್ಕೆ ಜಗಳೂರಿಗೆ ಹೋಗಿದ್ರಿ. ನಮ್ಮ ಹಿತ್ತಲಾಗೇ ಕಪ್ಪೇನ ಕಚ್ಚಿ ಬಿದ್ದಿತ್ತು. ನಮ್ಮವ್ರು ದನದ ಆಸ್ಪತ್ರ್ಯಾಗೆ ಮೂವತ್ತು ವರ್ಷ ಜವಾನ್ರಾಗಿದ್ರಲ್ಲ, ಅವ್ರಿಗೆ ಎಲ್ಲಾ ಗೊತ್ತಿತ್ತು. ಆದ್ರೆ ಆಗ ಕಾಲು ಮುರ್ಕೊಂಡು ಮಂಚ ಹಿಡ್ದಿದ್ರು. ಕಿಟಕ್ಯಾಗೆ ಕುಂತು ಕೂಗ್ತಾರೆ: ತಲೆ ಬಗ್ಗಸು, ನೀರು ಸಣ್ಣಗೆ ಬಿಡು, ಅದು ನಾಯಿ ಕಣೇ, ಹಂಡೆ ತಿಕ್ಕಿದಂಗೆ ತಿಕ್ಕಬ್ಯಾಡ!” ಅವರು ತೀರಿಹೋದ ಗಂಡ ಜಮಾಲರ ದನಿಯಲ್ಲೇ ಹೇಳಿ ನಕ್ಕರು.

“ಒಂದು ಮಾತು ಹೇಳಲಿಲ್ವಲ್ರೀ ನಮಗೆ!” ಎಂದರು ಅನ್ನಪೂರ್ಣ.

“ಹೇಳಾಕೆ ಏನೈತೆ? ಮರಿ ಎದ್ದು ಓಡ್ತು.”

ರುದ್ರಮುನಿಯವರಿಗೆ ಜಮಾಲರ ಮುಖ ಚೆನ್ನಾಗಿ ನೆನಪಿತ್ತು. ಆದರೆ ರಜೆಗೆ ಬಂದಾಗ ‘ಏನ್ರೀ, ಅರಾಮಾ’ ಎನ್ನುವುದರ ಆಚೆ ಅವರೊಡನೆ ಮಾತಾಡಿದ್ದು ಕಡಿಮೆ. ಪ್ರಾಣಿಗಳ ಜೊತೆ ಆಯುಷ್ಯ ಕಳೆದ ಇಬ್ಬರು ಒಂದೇ ಗೋಡೆಯ ಎರಡು ಬದಿಯಲ್ಲಿ ಇದ್ದರು. ರುದ್ರಮುನಿಯವರು ಅಂಗಳದ ಕಟ್ಟೆಯ ಮೇಲೆ ಕೂತರು.

“ಅವ್ರ ಆಸ್ಪತ್ರೆ ಕತೆ ಇನ್ನೇನೇನಿದ್ವು, ಹೇಳ್ರಿ,” ಎಂದರು.

“ಅಯ್ಯೋ, ಒಂದಾ ಎರಡಾ?” ಇಮಾಮ್‌ಬೀ ಒಳಗೆ ತಿರುಗಿ ಸಾದಿಕನಿಗೆ ಚಹಾ ಇಡಲು ಹೇಳಿದರು. ಕೈ ತೊಳೆದುಕೊಂಡು ಬಂದು, ಎದುರಿಗೆ ಚಾಪೆ ಹಾಸಿ ಕೂತು, ಹೊನ್ನಾಳಿಯ ಒಂದು ಎತ್ತು ಡಾಕ್ಟರರ ಚಪ್ಪಲಿ ನುಂಗಿದ ಕತೆಯಿಂದ ಶುರುಮಾಡಿದರು.