ಫೋಟೋಗೆ ಎತ್ತಿದ ಕೈ

ಆ ಊರಿನ ನಗರಸಭೆಯಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ದೊಡ್ಡ ವಿಷಯಕ್ಕೆ ಸದಸ್ಯರು ಕೈ ಎತ್ತಿದರೆ ಅಧ್ಯಕ್ಷರು "ಇಳಿಸಬೇಡಿ, ಹಂಗೇ ಇರಿ" ಎನ್ನುತ್ತಿದ್ದರು. ಪತ್ರಿಕೆಯವನು ಆ ಮೂಲೆಯಿಂದ ಈ ಮೂಲೆಗೆ ಓಡಾಡಿ ಫೋಟೋ ಹೊಡೆದು ಮುಗಿಸುವವರೆಗೂ ಕೈಗಳು ಮೇಲೆಯೇ ಇರಬೇಕು. ಅಷ್ಟರಲ್ಲಿ ಅಧ್ಯಕ್ಷರು ಉಳಿದ ವಿಷಯಗಳನ್ನು ಗಡಗಡ ಓದಿಬಿಡುತ್ತಿದ್ದರು. ಹೇಗೂ ಕೈ ಮೇಲಿದೆಯಲ್ಲ, ಓದಿದ್ದೆಲ್ಲ ಅಂಗೀಕಾರ. ಒಂದು ಸಲ ನೀರಿನ ದರ ಏರಿದ್ದು ಹಾಗೆಯೇ. ಏರಿಸಿದ ಸದಸ್ಯರಿಗೆ ಅದು ತಿಳಿದದ್ದು ತಮ್ಮ ಮನೆಗೇ ಬಿಲ್ಲು ಬಂದಾಗ.

ಸಂಘಮಿತ್ರ ಪಕ್ಷೇತರಳಾಗಿ ಗೆದ್ದು ಬಂದ ಹೊಸದರಲ್ಲಿ ಇದನ್ನು ನೋಡಿ ಮುಖ ಸಿಂಡರಿಸಿದ್ದಳು. ಈಗ ಅದೇ ಪದ್ಧತಿಯನ್ನು ನಂಬಿಕೊಂಡು ಸಭೆಗೆ ಹೊರಟಿದ್ದಳು.

ಅವಳ ವಾರ್ಡಿನ ಕಾಲೋನಿಗೆ ಅಂಟಿಕೊಂಡಂತೆ ಒಂದು ಬಯಲು. ರೇಷ್ಮೆಗೂಡನ್ನು ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗಿನ ಸತ್ತ ಹುಳು ಉಳಿಯುತ್ತದಲ್ಲ, ಊರವರು ಪ್ಯೂಪಾ ಎನ್ನುವುದು, ಅದನ್ನು ಲೋಡುಗಟ್ಟಲೆ ತಂದು ಅಲ್ಲಿ ಒಣಹಾಕುತ್ತಿದ್ದರು. ಒಣಗಿದ್ದು ಎಣ್ಣೆಗೂ ಕೋಳಿ ಮೇವಿಗೂ ಹೋಗುತ್ತಿತ್ತು. ಒಣಗುವ ಮುಂಚಿನ ನಾತ ಮಾತ್ರ ಕಾಲೋನಿಯಲ್ಲೇ ಉಳಿಯುತ್ತಿತ್ತು. ಅದು ಮೂಗಿಗೆ ಬಂದು ಹೋಗುವ ನಾತವಲ್ಲ. ನಾಲಿಗೆಯ ಮೇಲೆ ಜಿಡ್ಡಿನ ಹಾಗೆ ಕೂರುತ್ತದೆ, ಒಣಹಾಕಿದ ಬಟ್ಟೆಗೆ ಹತ್ತುತ್ತದೆ, ಹಾಲಿನ ಪಾತ್ರೆಯ ಮುಚ್ಚಳದೊಳಕ್ಕೂ ಇಳಿಯುತ್ತದೆ. ಬಯಲಿನ ಈಚೆಗೆ ಅಂಗನವಾಡಿ. ಅಲ್ಲಿ ಮಕ್ಕಳು ಮೊಟ್ಟೆ ತಿನ್ನುವುದನ್ನೇ ಬಿಟ್ಟಿದ್ದವು. ಸಂಘಮಿತ್ರಳ ಮಗಳು ತನುಜ, ಬಿಡಿಸಿಕೊಟ್ಟ ಮೊಟ್ಟೆಯನ್ನು ಮೂಗಿನ ಹತ್ತಿರ ಹಿಡಿದು "ಇದೂ ಹುಳದ್ದೇನಮ್ಮ?" ಎಂದು ಕೇಳಿ ತಟ್ಟೆಗೇ ವಾಂತಿ ಮಾಡಿಕೊಂಡಿದ್ದಳು. ಮಗು ಸೊರಗಿ ಕತ್ತಿನ ಮೂಳೆ ಕಾಣುತ್ತಿತ್ತು.

ಒಣಹಾಕುವ ಜಾಗವನ್ನು ಅಲ್ಲಿಂದ ಎತ್ತಿಸಬೇಕು ಎಂಬ ವಿಷಯವನ್ನು ಅವಳು ಸಭೆ ಸಭೆಗೂ ಬರೆದುಕೊಡುತ್ತಿದ್ದಳು. ಪ್ರತಿ ಸಲವೂ ಅದನ್ನು ಕಟ್ಟಕಡೆಗೆ ಹಾಕುತ್ತಿದ್ದರು. ಕಡೆಯ ವಿಷಯ ಬರುವ ಹೊತ್ತಿಗೆ ಬಿರಿಯಾನಿ ಬರುತ್ತಿತ್ತು. ಬಿರಿಯಾನಿ ಬಂದ ಮೇಲೆ ಯಾರು ಕೂರುತ್ತಾರೆ? ಅದೂ ಅಲ್ಲದೆ ಆ ಬಯಲಿನ ಗುತ್ತಿಗೆ ಇದ್ದದ್ದು ಕೆಂಪರಾಜು ಎಂಬ ಸದಸ್ಯನ ಬಾಮೈದನ ಹೆಸರಿನಲ್ಲಿ. ಕೆಂಪರಾಜು ಸಭೆಯಲ್ಲಿ ಅವಳ ಪಕ್ಕದ ಸಾಲಿನಲ್ಲೇ ಕೂತು, ಅವಳು ಮಾತು ಶುರುಮಾಡಿದರೆ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

ಈ ಸಲದ ಸಭೆಗೆ ಮಾತ್ರ ಎಲ್ಲರಿಗೂ ಅವಳು ಬೇಕಾಗಿದ್ದಳು. ಬಸ್‌ಸ್ಟ್ಯಾಂಡಿನ ಮುಂದೆ ಕಟ್ಟಿದ ಹೊಸ ಕಮಾನಿಗೆ ಯಾರ ಹೆಸರಿಡುವುದು ಎಂಬುದು ಮೊದಲನೇ ವಿಷಯ. ಅಧ್ಯಕ್ಷ ಮುರಳಿಮೋಹನ್‌ಗೆ ತೀರಿಹೋದ ತನ್ನ ಅಪ್ಪ ಕೋನಪ್ಪನ ಹೆಸರೇ ಆಗಬೇಕು. ಎದುರು ಗುಂಪಿನ ರಮೇಶ್‌ಬಾಬುಗೆ ತನ್ನ ತಾತನ ಹೆಸರು. ಎರಡೂ ಕಡೆ ಸಮಸಮ. ಸಂಘಮಿತ್ರ ಎತ್ತ ಕೈ ಎತ್ತುತ್ತಾಳೋ ಅತ್ತ ಕಮಾನು.

ಕೋನಪ್ಪ ಊರಿಗೆ ಗೊತ್ತಿದ್ದದ್ದು ತಾನು ನಡೆಸುತ್ತಿದ್ದ ಹೋಟೆಲಿನಿಂದ. ಸಂಘಮಿತ್ರಳ ತಾತನಿಗೂ ಗೊತ್ತಿದ್ದದ್ದು ಅದೇ ಹೋಟೆಲಿನಿಂದ, ಆದರೆ ಹಿಂದಿನ ಬಾಗಿಲಿನಿಂದ. ಅಲ್ಲಿ ಗೋಡೆಯ ಗೂಡಿನಲ್ಲಿ ಕಾಲೋನಿಯವರಿಗೆಂದೇ ಬೇರೆ ಲೋಟ ಇಟ್ಟಿದ್ದರು. ಕುಡಿದು, ತಾವೇ ತೊಳೆದು, ಮತ್ತೆ ಗೂಡಿಗೆ ಇಡಬೇಕು. ಇಡ್ಲಿಯನ್ನು ಎಲೆಗೆ ಸುತ್ತಿ ಮೆಟ್ಟಿಲ ಮೇಲೆ ಇಡುತ್ತಿದ್ದರೇ ಹೊರತು ಕೈಗೆ ಕೊಡುತ್ತಿರಲಿಲ್ಲ. ತಾತ ಇದನ್ನು ಸಿಟ್ಟಿನಿಂದಲೂ ಹೇಳುತ್ತಿರಲಿಲ್ಲ, ಮಳೆ ಬಂತು ಎನ್ನುವ ಹಾಗೆ ಹೇಳುತ್ತಿದ್ದ. ಸಿಟ್ಟಾದವನು ಅಪ್ಪ. ಬೌದ್ಧ ದೀಕ್ಷೆ ತಗೊಂಡು ಬಂದು, ಹುಟ್ಟಿದ ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟ. ಅಂಥ ಹೆಸರಿನವಳು ಈಗ ಕೋನಪ್ಪನ ಹೆಸರಿಗೆ ಕೈ ಎತ್ತಬೇಕಿತ್ತು.

ಸಭೆಗೆ ಮುಂಚೆ ರಮೇಶ್‌ಬಾಬು ಮೆಟ್ಟಿಲ ಮೇಲೆ ಅವಳನ್ನು ತಡೆದು, "ಏಮಮ್ಮಾ, ನಿಮ್ ತಾತನ್ನ ಹಿತ್ಲಲ್ಲಿ ನಿಲ್ಸಿದೋನ ಹೆಸರನ್ನ ಊರ ಬಾಕ್ಲಿಗೆ ಬರಸ್ತೀಯಾ?" ಎಂದಿದ್ದ. ನ್ಯಾಯವಾದ ಮಾತೇ. ಹಾಗಾದರೆ ಪ್ಯೂಪಾ ವಿಷಯಕ್ಕೆ ನಿಮ್ಮ ಗುಂಪಿನವರು ಕೈ ಎತ್ತುತ್ತಾರಾ ಎಂದು ಅವಳು ಕೇಳಿದಾಗ, ರಮೇಶ್‌ಬಾಬು ಮೀಸೆ ಒರೆಸಿಕೊಂಡು, ರೇಷ್ಮೆ ಮಾಡೋರೆಲ್ಲ ನಮ್ಮೋರೇ ಅಲ್ವೇನಮ್ಮ, ಅದನ್ನ ಮುಂದೆ ನೋಡಣ ಎಂದು ಜಾರಿಕೊಂಡ. ಅವನ ತಾತನಿಗೆ ಹೋಟೆಲು ಇರಲಿಲ್ಲ ಅಷ್ಟೆ. ಇದ್ದಿದ್ದರೆ ಗೂಡೂ ಇರುತ್ತಿತ್ತು, ಲೋಟವೂ ಇರುತ್ತಿತ್ತು.

ಮುರಳಿಮೋಹನ್ ಮಾತ್ರ ಅವಳನ್ನು ತನ್ನ ಕೋಣೆಗೆ ಕರೆದು, ಎದ್ದು ನಿಂತು, ತಾನೇ ಕುರ್ಚಿ ಎಳೆದುಕೊಟ್ಟ. "ಮೇಡಮ್, ಕಮಾನಿಗೆ ಕೈ ಎತ್ತಿ. ಎತ್ತಿದ್ ಕೈ ಇಳಿಸೋಕ್ ಮುಂಚೆ ನಿಮ್ ವಿಷಯ ನಾನೇ ಓದ್ತೀನಿ. ಮೊದಲ್ನೇದಾಗೇ ಓದ್ತೀನಿ, ನಂಬಿ," ಎಂದ. ಅವಳಿಗೆ ಕಾಫಿ ಬಂತು, ಅವನ ಲೋಟದಂಥದೇ ಲೋಟದಲ್ಲಿ. ಅವಳು ಅದನ್ನು ಮುಟ್ಟಲಿಲ್ಲ. ಆಗಲಿ ಎಂದಳು.

ಸಭೆ ಶುರುವಾಗಿ ಕಮಾನಿನ ಚರ್ಚೆ ಎಷ್ಟು ಹೊತ್ತು ನಡೆಯಿತೆಂದರೆ, ಒಬ್ಬ ಸದಸ್ಯ ನಿದ್ದೆ ಹೋಗಿ ಎದ್ದು, ಮತ್ತೆ ಅದೇ ಮಾತು ಕೇಳಿ ಮತ್ತೆ ನಿದ್ದೆ ಹೋದ. ಕೋನಪ್ಪನವರು ಬರಗಾಲದಲ್ಲಿ ಗಂಜಿ ಕೊಟ್ಟರು ಎಂದು ಈ ಗುಂಪು. ಆ ಗಂಜಿಯಲ್ಲಿ ಅಕ್ಕಿಗಿಂತ ನೀರೇ ಜಾಸ್ತಿ ಇತ್ತೆಂದು ಆ ಗುಂಪು. ರಮೇಶ್‌ಬಾಬು ಮೇಜು ಗುದ್ದಿದ, ನೀರಿನ ಬಾಟಲಿ ಉರುಳಿತು, ಇಂಥ ಅವಮಾನ ಸಹಿಸಲ್ಲ ಎಂದು ಯಾರೋ ಹೊರನಡೆದು ಸಿಗರೇಟು ಮುಗಿಸಿ ಒಳಬಂದರು. ಸಂಘಮಿತ್ರಳ ಪಕ್ಕದಲ್ಲಿದ್ದ ಅನಸೂಯಮ್ಮ ಎಂಬ ಹಿರಿಯ ಸದಸ್ಯೆ ಸೆರಗಿನ ಮರೆಯಲ್ಲಿ ಫೋನ್ ಹಿಡಿದು, ಯಾವ ಕಡೆ ಎತ್ತಬೇಕೆಂದು ಯಜಮಾನರನ್ನು ಕೇಳುತ್ತಿದ್ದಳು. ನಡುವೆ ಗಾಳಿ ತಿರುಗಿತು. ಕಾಲೋನಿಯ ನಾತ ಕಿಟಕಿಯಿಂದ ಸಭಾಂಗಣದೊಳಕ್ಕೆ ಇಳಿಯಿತು. ಎಲ್ಲರೂ ಕರ್ಚೀಫು ತೆಗೆದರು. ಮುರಳಿಮೋಹನ್ ಕೈಸನ್ನೆ ಮಾಡಿದ, ಜವಾನ ಕಿಟಕಿ ಮುಚ್ಚಿ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದ. ಸತ್ತ ಹುಳ, ಮೇಲೆ ಮಲ್ಲಿಗೆ. ಎರಡೂ ಗುಂಪಿನವರು ಕರ್ಚೀಫಿನೊಳಗಿಂದಲೇ ಕಮಾನಿನ ಜಗಳ ಮುಂದುವರಿಸಿದರು.

ಕಡೆಗೆ ಮತಕ್ಕೆ ಹಾಕಿದರು. ಕೋನಪ್ಪನ ಹೆಸರಿಗೆ ಕೈಗಳು ಎದ್ದವು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸಂಘಮಿತ್ರ ಮೇಜಿನ ಅಂಚು ಬಿಟ್ಟು ಬಲಗೈ ಎತ್ತಿದಳು. ತನ್ನ ಕೈ ಬೇರೆ ಯಾರದೋ ಎನ್ನುವ ಹಾಗೆ ಭಾರವಾಗಿತ್ತು. ಹೆಸರು ಗೆದ್ದದ್ದೇ ತಡ, ಸೋತ ಕಡೆಯವರೂ ಪೇಪರಿನಲ್ಲಿ ತಾವಿಲ್ಲದಂತಾಗಬಾರದೆಂದು ಕೈ ಎತ್ತಿದರು, ರಮೇಶ್‌ಬಾಬುವೂ ಸೇರಿ.

"ಇಳಿಸಬೇಡಿ, ಹಂಗೇ ಇರಿ," ಎಂದ ಮುರಳಿಮೋಹನ್. ಪತ್ರಿಕೆಯವನು ಓಡಿದ.

ಮಾತು ತಪ್ಪಲಿಲ್ಲ ಅವನು. ಮೊದಲನೆಯದಾಗಿ ಅವಳ ವಿಷಯವನ್ನೇ ಓದಿದ. ಕಾಲೋನಿ ಪಕ್ಕದ ಬಯಲಿನಿಂದ ಪ್ಯೂಪಾ ಒಣಹಾಕುವುದನ್ನು ಕೂಡಲೇ ತೆಗೆಸಬೇಕು. ಅವಳ ಎದೆ ಹಗುರಾಯಿತು. ಅವನು ಉಸಿರು ತೆಗೆದುಕೊಳ್ಳದೆ ಮುಂದಿನ ಸಾಲನ್ನೂ ಓದಿದ. ಆ ಸಾಲನ್ನು ಅವಳು ಬರೆದಿರಲಿಲ್ಲ. ಸದರಿ ಕೆಲಸವನ್ನು ಪೌರಕಾರ್ಮಿಕರ ಹೊಸ ಮನೆಗಳ ಹಿಂದಿರುವ ಸರ್ಕಾರಿ ಖರಾಬು ಜಮೀನಿಗೆ ಸ್ಥಳಾಂತರಿಸುವುದು, ಗುತ್ತಿಗೆ ಈಗಿರುವವರಿಗೇ ಮುಂದುವರಿಸುವುದು.

ಅವಳು ಕೆಂಪರಾಜು ಕಡೆ ತಿರುಗಿದಳು. ಅವನ ಕೈಯೂ ಮೇಲಿತ್ತು. ಇನ್ನೊಂದು ಕೈಯಲ್ಲಿ ಹಲ್ಲುಕಡ್ಡಿ. ಅವಳನ್ನು ನೋಡಿ, ನೆಂಟರ ಮದುವೆಯಲ್ಲಿ ಸಿಕ್ಕವನ ಹಾಗೆ ತಲೆಯಾಡಿಸಿದ.

ಆ ಹೊಸ ಮನೆಗಳಿಗೆ ಈಗಾಗಲೇ ಪೌರಕಾರ್ಮಿಕರ ಸಂಸಾರಗಳು ಬಂದು ಸೇರಿದ್ದವು. ಅವರಲ್ಲಿ ಮುನಿಶಾಮಿ ಒಬ್ಬ. ಅವಳಿಗೆ ದೂರದ ಸಂಬಂಧದಲ್ಲಿ ಮಾವ. ಚುನಾವಣೆಯಲ್ಲಿ ಬೆಳಗಿನ ಕಸ ಗುಡಿಸಿ ಮುಗಿಸಿ, ಮೈಕೈ ತೊಳೆದು, ಅವಳ ಕರಪತ್ರ ಹಿಡಿದು ಮನೆ ಮನೆ ತಿರುಗಿದವನು. ಅವನ ಮೊಮ್ಮಕ್ಕಳೂ ತನುಜಳ ಓರಗೆಯವು.

ಕೈ ಇಳಿಸಬಹುದಿತ್ತು. ಎದ್ದು ನಿಂತು ಇದು ನಾನು ಕೊಟ್ಟ ವಿಷಯವಲ್ಲ ಎನ್ನಬಹುದಿತ್ತು. ಹಾಗೆ ಅಂದುಬಿಟ್ಟರೆ ಇದು ಮುಂದಿನ ಸಭೆಗೆ, ಅದರ ಮುಂದಿನ ಸಭೆಗೆ, ಮತ್ತೆ ಕಟ್ಟಕಡೆಗೆ, ಬಿರಿಯಾನಿಯ ಬಾಗಿಲಿಗೆ. ಕಮಾನಿನ ಓಟು ಹೋಗಿಯಾಗಿತ್ತು, ಇನ್ನು ಅವಳು ಯಾರಿಗೂ ಬೇಕಿಲ್ಲ. ಮಗಳ ಕತ್ತಿನ ಮೂಳೆ ಕಣ್ಣಿಗೆ ಬಂತು. ಪತ್ರಿಕೆಯವನು ಅವಳ ಎದುರಿಗೇ ಮಂಡಿಯೂರಿ, "ಮೇಡಮ್, ಸ್ವಲ್ಪ ಮೇಲೆ" ಎಂದ.

ಅವಳು ಕೈಯನ್ನು ಸ್ವಲ್ಪ ಮೇಲೆತ್ತಿದಳು.

ಬಿರಿಯಾನಿ ಪೊಟ್ಟಣಗಳು ಬಂದವು. ಇಷ್ಟು ಹೊತ್ತು ಒಬ್ಬರ ತಾತನನ್ನು ಒಬ್ಬರು ಬೈದವರು ಒಂದೇ ಮೇಜಿಗೆ ಕೂತು, ಒಬ್ಬರ ಎಲೆಯಿಂದ ಒಬ್ಬರು ಲೆಗ್‌ಪೀಸ್ ಎತ್ತಿಕೊಂಡರು. ಕೆಂಪರಾಜು ಬಂದು ಕಂಗ್ರಾಟ್ಸ್ ಹೇಳಿ, ಹೊಸ ಜಾಗದಲ್ಲಿ ಲಾರಿ ತಿರುಗಿಸೋಕೆ ಇನ್ನೂ ಅನುಕೂಲ ಎಂದ. ತುಪ್ಪ, ಮಸಾಲೆ, ಮಲ್ಲಿಗೆ, ಹುಳ. ಸಂಘಮಿತ್ರ ತನ್ನ ಪೊಟ್ಟಣ ಹಿಡಿದುಕೊಂಡು ಹೊರಕ್ಕೆ ಬಂದಳು.

ಹಿಂಬಾಗಿಲ ಮೆಟ್ಟಿಲ ಕೆಳಗೆ ಮುನಿಶಾಮಿ ಪೊರಕೆ ಒರಗಿಸಿಕೊಂಡು ನಿಂತಿದ್ದ. ಸಭೆ ಇದ್ದ ದಿನ ಉಳಿದ ಪೊಟ್ಟಣಗಳು ಆ ಬಾಗಿಲಿನಿಂದ ಅವರಿಗೆ ಬರುತ್ತಿದ್ದವು. ಅವಳು ತನ್ನದನ್ನು ಚಾಚಿದಳು. ಚಾಚಿದ ಮೇಲೆ ಅವಳಿಗೆ ಅದು ಹಿಂಬಾಗಿಲು ಎಂಬುದು ಕಂಡಿತು. ಅವನು ಇಸಕೊಂಡ.

"ಪಾಸಾಯ್ತಂತಲ್ಲಮ್ಮ. ಜವಾನ ಹೇಳ್ದ. ಗೆದ್ಬುಟ್ಟೆ ಕಣಮ್ಮ ನೀನು," ಎಂದ. ಅವನ ಮುಖ ತುಂಬ ನಗು. "ಎಲ್ಲಿಗೆ ಸಾಗಾಕ್ತಾರಂತೆ ಅದನ್ನ? ಊರಾಚೆ ಪೆರೇಸಂದ್ರದ ಕಡೆಗಾ?"

ಜವಾನ ಅರ್ಧ ಹೇಳಿದ್ದ. ಉಳಿದರ್ಧ ಹೇಳಬೇಕಾದವಳು ಅವಳು. ನಾಳೆ ಪೇಪರಿನಲ್ಲಿ ಹೇಗೂ ಬರುತ್ತದೆ ಎಂದುಕೊಂಡಳು. ಪೇಪರಿನಲ್ಲಿ ಕಮಾನಷ್ಟೇ ಬರುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

"ನಿಮ್ಮನೆಗಳ ಹಿಂದಕ್ಕೆ, ಮಾವ."

ಅವನು ಮೊದಲು ತಮಾಷೆ ಎಂದುಕೊಂಡ. ಆಮೇಲೆ ಅವಳ ಮುಖ ನೋಡಿದ. "ಅಲ್ಲಿಗಿನ್ನಾ ಕರೆಂಟೇ ಬಂದಿಲ್ಲ ಕಣಮ್ಮ," ಎಂದ. "ಇದು ಮೊದಲು ಬಂತಾ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನೀನೂ ಎತ್ತಿದ್ಯಾ ಕೈಯ?"

"ಎತ್ತಿದೆ."

ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಮುನಿಶಾಮಿ ಕೈಯಲ್ಲಿದ್ದ ಪೊಟ್ಟಣವನ್ನು ಒಂದು ಸಲ ನೋಡಿ, ಬಗ್ಗಿ, ಅದನ್ನು ಮೆಟ್ಟಿಲ ಮೇಲೆ ಇಟ್ಟ. ಅವಳ ಕೈಗೆ ಕೊಡಲಿಲ್ಲ. ಎಣ್ಣೆ ಹತ್ತಿದ ಬೆರಳನ್ನು ಕೆಲಸದ ಹಸಿರು ಕೋಟಿಗೆ ಒರೆಸಿ ಪೊರಕೆ ಎತ್ತಿಕೊಂಡ. "ನಿನ್ ಮಗಳಾದ್ರೂ ಉಣ್ಲಿ ಬುಡು," ಎಂದು ಹೇಳಿ, ಕಮಾನಿನ ಕಡೆಯ ರಸ್ತೆಗೆ ಗುಡಿಸಲು ಹೋದ.

ಅವಳು ಅಲ್ಲೇ ನಿಂತಿದ್ದಳು. ಒಳಗಿನಿಂದ ಅನಸೂಯಮ್ಮ ಕೈ ತೊಳೆಯಲು ಹೊರಬಂದು, ಬಾಯಿ ಮುಕ್ಕಳಿಸಿ, ಸೆರಗಿನಿಂದ ಒರೆಸಿಕೊಳ್ಳುತ್ತಾ ಮೆಟ್ಟಿಲು ನೋಡಿದಳು.

"ಯಾರ್ದಮ್ಮ ಇದು? ಬಿಚ್ಚೇ ಇಲ್ಲ," ಎಂದು ಪೊಟ್ಟಣ ಎತ್ತಿ ಮುಟ್ಟಿ ನೋಡಿದಳು. "ಇನ್ನಾ ಬಿಸಿ ಐತೆ. ನಿನಗ್ ಬೇಡ್ವಾದ್ರೆ ನಮ್ ಯಜಮಾನ್ರಿಗಾಯ್ತು ತಗೊಂಡೋಗ್ತೀನಿ."