ನೀಲಗಿರಿ ತೋಪಿನ ಹದಿನೇಳನೇ ನಂಬರು

ನಾನು ಒಂದು ಬಂದೂಕು. ಹೆಸರು ಕೇಳಿ ಹೆದರಬೇಡಿ. ನನ್ನಿಂದ ಈವರೆಗೆ ಯಾರೂ ಸತ್ತಿಲ್ಲ. ಒಂದಷ್ಟು ಅಂಗಿಗಳು ಹಾಳಾಗಿವೆ, ಅಷ್ಟೇ. ನಾನು ಹಾರಿಸುವುದು ಗೋಲಿ ಗಾತ್ರದ ಬಣ್ಣದ ಗುಂಡು. ಬಡಿದ ಕಡೆ ಅದು ಒಡೆದು ಬಣ್ಣ ಚೆಲ್ಲುತ್ತದೆ. ಬಣ್ಣ ಬಿದ್ದವನು ಆಟದಿಂದ ಹೊರಗೆ. ಇದಕ್ಕೆ ಪೇಂಟ್‌ಬಾಲ್ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ನನ್ನನ್ನು ಕೇಳಿದರೆ, ಮೀಸೆ ಬಂದವರು ಆಡುವ ಕಣ್ಣಾಮುಚ್ಚಾಲೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಚ್ಚಿನಿಂದ ಮೈ ತೆಗೆದರು, ನಳಿಗೆ ಜೋಡಿಸಿದರು, ಹಿಂದೆ ಗಾಳಿಯ ಸಿಲಿಂಡರ್ ಸಿಕ್ಕಿಸಿದರು, ನೆತ್ತಿಯ ಮೇಲೆ ಗುಂಡು ತುಂಬುವ ಡಬ್ಬಿ ಕೂರಿಸಿದರು. ಪರೀಕ್ಷೆಗೆಂದು ಹೊಡೆದ ಮೊದಲ ಗುಂಡೇ ಗುರಿಯ ನಟ್ಟನಡುವೆ ಬಿತ್ತು. ಆಗಲೇ ನನಗೆ ಜಂಬ ಬಂದಿದ್ದು. ಹಡಗಿನ ಪೆಟ್ಟಿಗೆಯಲ್ಲಿ ಮಲಗಿ ದಟ್ಟ ಕಾಡು, ಚಿರತೆಯಂತೆ ನಡೆಯುವ ಆಟಗಾರರು ಎಂದೆಲ್ಲ ಕನಸು ಕಂಡೆ.

ಸಿಕ್ಕಿದ್ದು ಒಂದು ರೆಸಾರ್ಟು. ಅಲ್ಲಿ ಎರಡು ವರ್ಷ ನನ್ನನ್ನು ಹಿಡಿದವರೆಲ್ಲ ಫೋಟೋ ತೆಗೆಸಿಕೊಂಡರೇ ಹೊರತು ಆಡಲಿಲ್ಲ. ಒಬ್ಬ ಮದುಮಗನಂತೂ ನನ್ನನ್ನು ಹೆಗಲಿಗೇರಿಸಿ ಮದುಮಗಳ ಮುಂದೆ ಮಂಡಿಯೂರಿದ. ನನಗೆ ನಾಚಿಕೆಯಾಯಿತು. ರೆಸಾರ್ಟು ಮುಚ್ಚಿದಾಗ ಮಾಲೂರಿನ ಚನ್ನಕೇಶವ ಎಂಬಾತ ನನ್ನನ್ನೂ ನನ್ನ ಒಡಹುಟ್ಟಿದವರನ್ನೂ ಕೊಂಡು, ಊರಾಚೆ ತಾನು ಗುತ್ತಿಗೆಗೆ ಹಿಡಿದಿದ್ದ ನೀಲಗಿರಿ ತೋಪಿಗೆ ತಂದ. ನನ್ನ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂದು ಬರೆದ.

ನೀಲಗಿರಿ ತೋಪಿನಲ್ಲಿ ಅಡಗಿ ನಡೆಯುವುದು ಸುಲಭವಲ್ಲ. ಮರಗಳು ಸಣಕಲು; ಹಿಂದೆ ನಿಂತರೆ ಎರಡು ಕಡೆಯಿಂದಲೂ ಹೊಟ್ಟೆ ಕಾಣುತ್ತದೆ. ನೆಲದ ತುಂಬ ತರಗೆಲೆ, ಸುಲಿದು ಬಿದ್ದ ತೊಗಟೆ. ಬಿಸಿಲೇರಿದರೆ ಎಲ್ಲವೂ ಹಪ್ಪಳ. ಇಂಥ ಕಡೆ ಬರುತ್ತಿದ್ದವರನ್ನು ನೋಡಬೇಕಿತ್ತು! ಒಬ್ಬ ಮೈಗೆಲ್ಲ ಸೆಂಟು ಸುರಿದುಕೊಂಡು ಪೊದೆಯಲ್ಲಿ ಅಡಗುತ್ತಿದ್ದ. ಇನ್ನೊಬ್ಬ ಉಸಿರು ಬಿಗಿಹಿಡಿದು ತೆವಳುತ್ತಿರುವಾಗಲೇ ಅವನ ಜೇಬಿನ ಮೊಬೈಲು ಹಾಡುತ್ತಿತ್ತು. ಅರ್ಧ ಖಾಲಿಯಾದ ಡಬ್ಬಿಯೊಂದಿಗೆ ಓಡಿದರೆ ಒಳಗಿನ ಗುಂಡುಗಳು ಗಿಲಕಿಯಂತೆ ಗಲಗಲ ಎನ್ನುತ್ತವೆ ಎಂಬುದು ಒಬ್ಬನಿಗೂ ಹೊಳೆಯಲಿಲ್ಲ. ಆ ಗಲಗಲ ಸಹಿಸಿಕೊಂಡಿದ್ದು ನನ್ನ ನೆತ್ತಿ.

ಇವರಿಗೆಲ್ಲ ಗುರು ಕ್ಯಾಪ್ಟನ್ ಮಿಥುನ್. ಅವನು ಕ್ಯಾಪ್ಟನ್ ಆಗಿದ್ದು ಕಾಲೇಜಿನ ಥ್ರೋಬಾಲ್ ತಂಡಕ್ಕೆ. ಮೊಣಕಾಲವರೆಗೆ ಬೂಟು, ಕೊರಳಲ್ಲಿ ಸೀಟಿ, ಕಣ್ಣಿಗೆ ಕಪ್ಪು ಕನ್ನಡಕ. ಮೊಬೈಲಿನಲ್ಲಿ ನೋಡಿ ಕಲಿತಿದ್ದನ್ನು ಕೈಸನ್ನೆಯಲ್ಲಿ ತೋರಿಸುತ್ತಿದ್ದ. ಸನ್ನೆ ಯಾರಿಗೂ ಅರ್ಥವಾಗದಿದ್ದಾಗ "ಸೈಲೆಂಟಾಗಿ ಹೋಗ್ರೋ!" ಎಂದು ಅರಚುತ್ತಿದ್ದ. ತೋಪಿನ ಹಕ್ಕಿಗಳೆಲ್ಲ ಆಗ ಹಾರಿಹೋಗುತ್ತಿದ್ದವು.

ತೋಪಿನಲ್ಲಿ ಇನ್ನೊಬ್ಬಳಿದ್ದಳು, ಸೊಣ್ಣಮ್ಮ. ಆಟಗಾರರ ಬೆವರು, ಬಣ್ಣ ಮೆತ್ತಿದ ಮಾಸ್ಕುಗಳನ್ನು ತೊಟ್ಟಿಯ ಬಳಿ ಕೂತು ತೊಳೆಯುವುದು ಅವಳ ಕೆಲಸ. ಅದಕ್ಕೂ ಮೊದಲು ಹದಿನಾರು ವರ್ಷ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊತ್ತು ಸೊಂಟ ಕಳೆದುಕೊಂಡಿದ್ದಳು. ಒಂದು ಭಾನುವಾರ ಬೆಳಿಗ್ಗೆ ಚನ್ನಕೇಶವ ಅವಳನ್ನು ಕರೆದು, ಮಾಸ್ಕು ತೊಳೆಯಲು ಮೆಷಿನ್ ಬರುತ್ತಿದೆ, ಬರುವ ತಿಂಗಳಿಂದ ಅವಳ ಅಗತ್ಯವಿಲ್ಲ ಎಂದ.

"ಮತ್ತೆ ಗೂಡಿಗೆ ಓದ್ರೆ ನಾನು ಎದ್ದೇಳಾಕಿಲ್ಲಣ್ಣ," ಎಂದಳು ಸೊಣ್ಣಮ್ಮ. "ಇಲ್ಲೇ ಏನಾನ ಕೆಲ್ಸ ಕೊಡಿ. ಆಡಾಕೆ ಬರೋರ್ಗೆ ಸದ್ದಿಲ್ದಂಗೆ ನಡ್ಯೋದು ಏಳ್ಕೊಡ್ತೀನಿ."

ಚನ್ನಕೇಶವ ನಕ್ಕ. ಬಂದೂಕು ಒರೆಸುತ್ತಿದ್ದ ಮಿಥುನ್ ಅವನಿಗಿಂತ ಜೋರಾಗಿ ನಕ್ಕ. ಬಂದೂಕುಗಳ ಸಾಲಿನಲ್ಲಿದ್ದ ನಾನೂ ಒಳಗೊಳಗೇ ನಕ್ಕೆ, ಸುಳ್ಳೇಕೆ ಹೇಳಲಿ?

ಅಂದು ಒಂದು ಕಂಪನಿಯ ಆರು ಜನ ಆಡಲು ಬಂದಿದ್ದರು. ಅವರ ಮ್ಯಾನೇಜರು ಸುಧೀಂದ್ರ. ಅವರು ಮಿಥುನನ ಹಿಂದೆ ಸಾಲಾಗಿ ತುದಿಗಾಲಲ್ಲಿ ಹೋಗುವುದನ್ನು ಕಂಡು ಸೊಣ್ಣಮ್ಮನಿಗೆ ನಗು ತಡೆಯಲಾಗಲಿಲ್ಲ. ಸುಧೀಂದ್ರ ತಿರುಗಿ, "ಯಾಕಮ್ಮಾ ನಗ್ತೀರಿ?" ಎಂದ.

"ಏನಿಲ್ಲ ಸಾ. ಎಮ್ಮೆ ಕೆರೆಗೆ ಇಳಿದಂಗೆ ಓಗ್ತಾವ್ರಲ್ಲ, ಅದ್ಕೆ."

ಸುಧೀಂದ್ರನಿಗೆ ಮೋಜೆನಿಸಿತು. ಹಾಗಾದರೆ ಈಕೆಯೇ ಒಬ್ಬಳು ಬರಲಿ, ನಾವೆಲ್ಲ ಕಾಯುತ್ತೇವೆ ಎಂದ. ಗಿರಾಕಿಯ ಖುಷಿಗಾಗಿ ಚನ್ನಕೇಶವ ಮಾತು ಕೊಟ್ಟೇಬಿಟ್ಟ: "ಅರ್ಧ ಗಂಟೆ ಒಳಗೆ ತೋಪಿನ ಆ ತುದಿಯ ಬಾವುಟ ಮುಟ್ಟು. ಮುಟ್ಟಿದ್ರೆ ಸೀಟಿ ನಿಂದು, ಆಟ ಹೇಳ್ಕೊಡೋ ಕೆಲ್ಸಾನೂ ನಿಂದು. ಮೈಮೇಲೆ ಬಣ್ಣ ಬಿದ್ರೆ ನಾಳೆಯಿಂದ್ಲೇ ಬರಬೇಡ." ಮಿಥುನ್ ಬಾವುಟದ ಪಕ್ಕ ಮರಳಿನ ಮೂಟೆಗಳ ಹಿಂದೆ ತಾನೇ ನಿಂತ.

ಸೊಣ್ಣಮ್ಮನ ಕೈಗೆ ಸಿಕ್ಕವನು ನಾನು. ನನ್ನ ಹಣೆಬರಹ ಎಂದುಕೊಂಡೆ. ಅವಳು ಮೊದಲು ಡಬ್ಬಿಯನ್ನು ಕಂಠಮಟ್ಟ ತುಂಬಿದಳು. ಅಲುಗಾಡಿಸಿ ಕಿವಿಗೆ ಹಿಡಿದಳು, ಇನ್ನೂ ನಾಲ್ಕು ಗುಂಡು ತುರುಕಿದಳು. ಗಲಗಲ ನಿಂತೇಹೋಯಿತು. ಚಪ್ಪಲಿ ಬಿಟ್ಟಳು, ಸೀರೆಯನ್ನು ಎತ್ತಿ ಬಿಗಿದಳು, ಗಾಜಿನ ಬಳೆಗಳ ಮೇಲೆ ಬಟ್ಟೆ ಸುತ್ತಿದಳು, ಮಾಸ್ಕು ಹಾಕಿಕೊಂಡಳು. ನನಗೆ ಸ್ವಲ್ಪ ಕುತೂಹಲವಾಯಿತು.

ಸೀಟಿ ಆಯಿತು. ಸೊಣ್ಣಮ್ಮ ಹೊರಡಲೇ ಇಲ್ಲ. ಹತ್ತು ನಿಮಿಷ ಒಂದು ಗುಂಡಿಯಲ್ಲಿ ಕೂತಳು. ಹೆದರಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಸುಧೀಂದ್ರನ ದನಿ ಕೇಳಿತು. ಆಫೀಸಿನಲ್ಲಿ ಹಾಜರಿ ಕೂಗುವ ಅಭ್ಯಾಸ ಕಾಡಿನಲ್ಲೂ ಬಿಟ್ಟಿರಲಿಲ್ಲ.

"ಎಲ್ಲಾ ಪೊಸಿಷನ್‌ನಲ್ಲಿ ಇದೀರಾ?"

"ಇದೀವಿ ಸರ್!" ಎಂದು ಒಂದೊಂದು ಪೊದೆಯೂ ಕೂಗಿತು. ಮೇಲಿನವರು ಕೇಳಿದ ಮೇಲೆ ಸುಮ್ಮನಿರಲು ಅವರಿಗೆ ಬರುವುದಿಲ್ಲ! ಸೊಣ್ಣಮ್ಮ ಬೆರಳು ಮಡಿಸಿ ಎಣಿಸಿದಳು. ಎಡಕ್ಕೆ ಮೂವರು, ಬಲಕ್ಕೆ ಇಬ್ಬರು, ನಡುವೆ ಸುಧೀಂದ್ರ. ಆಗ ಎದ್ದಳು.

ಗಾಳಿ ಬೀಸಿ ಮರಗಳು ಸದ್ದು ಮಾಡಿದಾಗ ಮಾತ್ರ ನಡೆದಳು, ಗಾಳಿ ನಿಂತರೆ ಎತ್ತಿದ ಕಾಲನ್ನೂ ಇಳಿಸದೆ ನಿಂತಳು. ಎಲೆಯ ಮೇಲೆ ಕಾಲಿಡಲಿಲ್ಲ. ಹೆಬ್ಬೆರಳನ್ನು ಎಲೆಗಳ ಅಡಿಗೆ ನುಸುಳಿಸಿ, ನೆಲ ಸಿಕ್ಕ ಮೇಲೆ ಭಾರ ಬಿಟ್ಟಳು. ನೀರಿಂಗಲು ತೋಡಿದ ಟ್ರೆಂಚಿನಲ್ಲಿ ಮರಳು ಕಂಡಾಗ ಅದರಲ್ಲೇ ಬಗ್ಗಿ ಸಾಗಿದಳು. ಸುಧೀಂದ್ರನ ತಂಡದ ಒಬ್ಬ ಹುಡುಗಿ ತಿರುಗಿ ನೋಡಿದಾಗ ಸೊಣ್ಣಮ್ಮ ಅಡಗಲು ಓಡದೆ, ಒಂದು ಬೊಡ್ಡೆಯ ಪಕ್ಕ ಬೊಡ್ಡೆಯಾಗಿ ಕೂತಳು. ಹುಡುಗಿಯ ಕಣ್ಣು ಮುಂದಕ್ಕೆ ಹೋಯಿತು. ಮುಂದೆ ಟಿಟ್ಟಿಭ ಹಕ್ಕಿಯೊಂದು ನೆಲದಲ್ಲಿತ್ತು. ಅದು ಎದ್ದು ಕೂಗಿದರೆ ಕತೆ ಮುಗಿದಂತೆ. ಅದರ ಹತ್ತಿರ ಹೋಗದೆ ಸುತ್ತು ಹಾದಿ ಹಿಡಿದಳು. ಸೊಣ್ಣಮ್ಮ ಚಿಕ್ಕಂದಿನಲ್ಲಿ ಫಾರೆಸ್ಟ್ ಗಾರ್ಡಿನ ಕಣ್ಣು ತಪ್ಪಿಸಿ ಕಾಡಿನಿಂದ ಸೌದೆ ತರುತ್ತಿದ್ದವಳು ಎಂದು ಆಮೇಲೆ ತಿಳಿಯಿತು. ಸಿಕ್ಕಿಬಿದ್ದರೆ ಕತ್ತಿ, ಹಗ್ಗ ಎರಡೂ ಹೋಗುತ್ತಿದ್ದವಂತೆ. ಅವಳ ಎದೆ ನನ್ನ ಮೈಗೆ ಒತ್ತಿ ಡವಗುಟ್ಟುತ್ತಿತ್ತು. ಅವಳು ಗೆಲ್ಲಲಿ ಎಂದು ನಾನು ಬೇಡಿಕೊಂಡೆ. ಯಾರಿಗಾಗಿಯೂ ನಾನು ಹಾಗೆ ಬೇಡಿಕೊಂಡವನಲ್ಲ.

ಸುಧೀಂದ್ರನ ಜನ ಅಷ್ಟು ಹೊತ್ತಿಗೆ ಗಾಳಿಗೆ, ಓತಿಕ್ಯಾತಕ್ಕೆ, ಒಬ್ಬರಿಗೊಬ್ಬರಿಗೆ ಹೊಡೆದು ಡಬ್ಬಿ ಖಾಲಿ ಮಾಡಿಕೊಂಡಿದ್ದರು. ಮಿಥುನ್ ಮೂಟೆಗಳಾಚೆ ದುರ್ಬೀನು ಹಿಡಿದು ಮುಂದಕ್ಕೇ ನೋಡುತ್ತಿದ್ದ. ಸೊಣ್ಣಮ್ಮ ಅವನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಎದ್ದು ನಿಂತಳು. ಅಷ್ಟು ಹತ್ತಿರದಿಂದ ಹೊಡೆಯಬಾರದು, ಶರಣಾಗಲು ಹೇಳಬೇಕು ಎಂಬುದು ಅವನೇ ದಿನವೂ ಹೇಳಿಕೊಡುವ ನಿಯಮ.

"ಸಾ, ಕೈ ಎತ್ತಿ," ಎಂದಳು ಮೆಲ್ಲಗೆ.

ಮಿಥುನ್ ಬೆಚ್ಚಿದ ರಭಸಕ್ಕೆ ಅವನ ಬಂದೂಕಿನಿಂದಲೇ ಗುಂಡು ಹಾರಿ, ಅವನ ಬೂಟಿನ ಮೇಲೆ ಕೆಂಪು ಬಣ್ಣ ಚೆಲ್ಲಿತು. ಸೊಣ್ಣಮ್ಮ ಹೋಗಿ ಬಾವುಟ ಮುಟ್ಟಿದಳು. ಮುಟ್ಟಿದ ಕೈಯನ್ನು ಅಲ್ಲಿಂದ ತೆಗೆಯದೆ ಬಿಕ್ಕಿಬಿಕ್ಕಿ ಅತ್ತಳು. ನಾನು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಆದರೂ ನನ್ನ ಆಯುಷ್ಯದಲ್ಲಿ ಗೆದ್ದೆ ಎನಿಸಿದ್ದು ಅದೊಂದೇ ದಿನ.

ಸುಧೀಂದ್ರ ಅವಳಿಂದಲೇ ಕಲಿಯುತ್ತೇವೆ ಎಂದು ಮುಂದಿನ ಭಾನುವಾರಕ್ಕೂ ಜಾಗ ಹಿಡಿದ. ಚನ್ನಕೇಶವನಿಗೆ ಮಾತು ತಪ್ಪಲು ದಾರಿ ಉಳಿಯಲಿಲ್ಲ. ಸೀಟಿ ಸೊಣ್ಣಮ್ಮನ ಕೊರಳಿಗೆ ಬಂತು. ಮಿಥುನ್ ಗಿರಾಕಿಗಳ ಫೋಟೋ ತೆಗೆಯುವ ಕೆಲಸಕ್ಕೆ ಹೋದ. ಅದು ಅವನಿಗೆ ಒಪ್ಪುತ್ತದೆ ಕೂಡ.

ಇನ್ನು ನಾನೇ ಅವಳ ಬಂದೂಕು ಎಂದು ಬೀಗುತ್ತಿದ್ದೆ. ಸೋಮವಾರ ಅವಳು ಎಲ್ಲ ಬಂದೂಕುಗಳಿಗೂ ಗಾಳಿ ತುಂಬಿ, ಒಂದೊಂದನ್ನೂ ಕಿವಿಗೆ ಹಿಡಿದಳು. ನನ್ನನ್ನು ಹೆಚ್ಚು ಹೊತ್ತು ಹಿಡಿದಳು.

"ಅಣ್ಣ, ಈ ಅದಿನೇಳು ಬುಸ್ ಅಂತದೆ. ನಿನ್ನೆ ಗಾಳಿ ಬೀಸ್ತಿತ್ತು, ಇದ್ರ ಸದ್ದು ಯಾರ್ಗೂ ಕೇಳ್ನಿಲ್ಲ, ಬಚಾವಾದೆ. ಇದನ್ನ ತೆಗ್ದು ಮಡಗಿ."

ಒಳಗಿನ ರಬ್ಬರು ಸವೆದು ಗಾಳಿ ಸೋರುತ್ತಿತ್ತಂತೆ. ಬೇರೆಯವರ ಸದ್ದನ್ನೆಲ್ಲ ಎಣಿಸುತ್ತ ಕೂತಿದ್ದ ನನಗೆ ನನ್ನದೇ ಸದ್ದು ಕೇಳಿಸಿರಲಿಲ್ಲ. ಮೊದಲು ಸಿಟ್ಟು ಬಂತು. ಕೃತಘ್ನಳು ಎಂದು ಬೈದುಕೊಂಡೆ. ಆದರೆ ಅವಳು ಹೇಳಿದ್ದು ನಿಜ, ನಿಜದ ಮೇಲೆ ಎಷ್ಟು ದಿನ ಸಿಟ್ಟು ಮಾಡಲಿ?

ಈಗ ಶೆಡ್ಡಿನ ಮೂಲೆಯಲ್ಲಿ, ಒಡೆದ ಮಾಸ್ಕುಗಳ ಜೊತೆ ಬಿದ್ದಿದ್ದೇನೆ. ಧೂಳು ಮೆತ್ತಿದೆ. ಮಾಡಲು ಕೆಲಸವಿಲ್ಲ, ಕಿವಿಯೊಂದು ಚುರುಕಾಗಿದೆ. ಬರುವವರ ಹೆಜ್ಜೆ ಕೇಳಿ ಎಷ್ಟು ಜನ, ಎಂಥವರು ಎಂದು ಹೇಳಬಲ್ಲೆ. ಇವತ್ತು ಬೆಳಿಗ್ಗೆಯೂ ಕಾದಿದ್ದೆ. ಒಂದು ಎಲೆಯೂ ಮುರಿಯಲಿಲ್ಲ. ಗಿರಾಕಿಗಳೇ ಬಂದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ದೂರದ ಬಾವುಟದ ಬಳಿ ಸೊಣ್ಣಮ್ಮನ ಸೀಟಿ, ಅದರ ಹಿಂದೆಯೇ ಹತ್ತು ಜನರ ಕೇಕೆ ಕೇಳಿತು. ಅಷ್ಟೂ ಜನರನ್ನು ನನ್ನ ಗೋಡೆಯ ಪಕ್ಕದಲ್ಲೇ ನಡೆಸಿಕೊಂಡು ಹೋಗಿದ್ದಳು.